ಬ್ರೌಸರ್ ಮುಚ್ಚಿದ್ದು ಸರ್ವರ್‌ಗೆ ಗೊತ್ತಾಗುವುದಿಲ್ಲ

ದಾವಣಗೆರೆ ಎಪಿಎಂಸಿಯ ಒಂದು ದಲಾಲಿ ಮಂಡಿಗೆ ಬಿಲ್ಲಿಂಗ್ ಮಾಡುವ ವೆಬ್ ಆ್ಯಪ್ ಬರೆದುಕೊಟ್ಟಿದ್ದೆ. ಮೆಕ್ಕೆಜೋಳ ಜೋರಾಗಿ ಬರುತ್ತಿದ್ದ ದಿನ ಗುಮಾಸ್ತರ ಫೋನ್ ಬಂತು. "ಸಾರ್, ಲಾಗಿನ್ನೇ ಆಗ್ತಿಲ್ಲ. ರೈತರು ಪಟ್ಟಿಗೆ ಕಾಯ್ತಾ ನಿಂತಿದಾರೆ."

ತಪ್ಪು ನನ್ನದೇ. ಲಾಗಿನ್ ಆದವರಿಗೆ ತಲಾ ಒಂದು ಡೇಟಾಬೇಸ್ ಕನೆಕ್ಷನ್ ತೆಗೆದು ಸೆಷನ್‌ನಲ್ಲಿ, ಅಂದರೆ ಲಾಗಿನ್ ಆದವರ ವಿವರಕ್ಕೆಂದು ಸರ್ವರ್ ಇಟ್ಟುಕೊಳ್ಳುವ ಜಾಗದಲ್ಲಿ, ಇಟ್ಟಿದ್ದೆ. ಕನೆಕ್ಷನ್‌ಗಳನ್ನು ತೆರೆದಿಟ್ಟು ಕೇಳಿದವರಿಗೆ ಎರವಲು ಕೊಡುವುದು ಪೂಲ್. ನಾನು ಬಳಸಿದ ಹಿಕಾರಿ ಪೂಲ್‌ನಲ್ಲಿ, ನಾವು ಬದಲಿಸದಿದ್ದರೆ, ಇರುವುದು 10 ಕನೆಕ್ಷನ್. ಅಷ್ಟೂ ಹೊರಗಿದ್ದರೆ ಮುಂದಿನವರು 30 ಸೆಕೆಂಡ್ ಕಾದು ಎರರ್ ನೋಡಬೇಕು. ಆದರೆ ಮಂಡಿಯಲ್ಲಿ ಆ್ಯಪ್ ಬಳಸುವವರು ನಾಲ್ಕೇ ಜನ. ಉಳಿದ ಆರು ಯಾರ ಹತ್ತಿರ ಇದ್ದವು?

ಅವತ್ತು ಕರೆಂಟ್ ಹೋಗಿ ಹೋಗಿ ಬಂದಿತ್ತು. ಬಂದಾಗಲೆಲ್ಲ ಹೊಸ ಲಾಗಿನ್, ಹೊಸ ಸೆಷನ್. ಹಳೆಯದು ಸರ್ವರ್‌ನಲ್ಲಿ ಹಾಗೇ ಕೂತಿತ್ತು. ಕಂಪ್ಯೂಟರ್ ಆಫ್ ಆಯಿತು, ಬ್ರೌಸರ್ ಮುಚ್ಚಿತು ಎಂದು ಸರ್ವರ್‌ಗೆ ಯಾರೂ ಹೇಳುವುದಿಲ್ಲ. ಬ್ರೌಸರ್‌ನ ಕುಕಿಯಲ್ಲಿರುವ ಸೆಷನ್ ಐಡಿ ಹೊತ್ತ ರಿಕ್ವೆಸ್ಟ್ ಮತ್ತೆ ಬರಬಹುದು ಎಂದು ಟಾಮ್‌ಕ್ಯಾಟ್ (ಜಾವಾ ವೆಬ್ ಆ್ಯಪ್ ಓಡಿಸುವ ಸರ್ವರ್) ಮಾಮೂಲಾಗಿ 30 ನಿಮಿಷ ಕಾಯುತ್ತದೆ. ಆಮೇಲೆ ಸೆಷನ್ ತೆಗೆದುಹಾಕುತ್ತದೆ ನಿಜ. ಆದರೆ ಒಳಗಿನ ಕನೆಕ್ಷನ್ ಕ್ಲೋಸ್ ಮಾಡುವುದು ಅದರ ಕೆಲಸವಲ್ಲ. ಇಟ್ಟವರೇ ಮಾಡಬೇಕು.

ಜಾವಾದಲ್ಲಿ ಇದಕ್ಕೆ ಎಚ್‌ಟಿಟಿಪಿ ಸೆಷನ್ ಬೈಂಡಿಂಗ್ ಲಿಸನರ್ ಎಂಬ ಇಂಟರ್‌ಫೇಸ್ ಇದೆ. ಅದನ್ನು ಅಳವಡಿಸಿದ ಆಬ್ಜೆಕ್ಟ್ ಸೆಷನ್‌ನಿಂದ ಹೊರಬಿದ್ದಾಗ ಅದರ ವ್ಯಾಲ್ಯೂ‌ಅನ್‌ಬೌಂಡ್ ಮೆಥಡ್ ಓಡುತ್ತದೆ. ಲಾಗೌಟ್‌ನಲ್ಲಿ ಸೆಷನ್ ಇನ್‌ವ್ಯಾಲಿಡೇಟ್ (ರದ್ದು) ಮಾಡಿದರೂ ಸರಿ, ಟೈಮ್‌ಔಟ್ ಆದರೂ ಸರಿ. ಅವತ್ತು ರಾತ್ರಿ ಅಲ್ಲೇ ಕ್ಲೋಸ್ ಬರೆದೆ. ಆದರೂ ಅರ್ಧ ಗಂಟೆ ಕನೆಕ್ಷನ್ ಸುಮ್ನೆ ಕೂರುತ್ತದಲ್ವಾ? ಹಾಗಾಗಿ ಮರುವಾರ ಕನೆಕ್ಷನ್ ಸೆಷನ್‌ನಲ್ಲಿ ಇಡುವುದನ್ನೇ ಬಿಟ್ಟೆ. ಈಗ ಪ್ರತಿ ರಿಕ್ವೆಸ್ಟ್‌ಗೆ ಕನೆಕ್ಷನ್ ತೆಗೆದುಕೊಂಡು, ಕೆಲಸ ಮುಗಿದ ಕೂಡಲೇ ವಾಪಸ್ ಕೊಡುತ್ತೇನೆ. ಸೆಷನ್‌ನಲ್ಲಿ ಇರುವುದು ಬಳಕೆದಾರರ ಐಡಿ, ಮಂಡಿಯ ಐಡಿ, ಅಷ್ಟೇ.

"ಪದೇ ಪದೇ ಲಾಗಿನ್ ಕೇಳಬಾರದು" ಎಂದು ಗ್ರಾಹಕರು ಹೇಳುತ್ತಾರೆ. ಅದಕ್ಕೆಂದು ಆ್ಯಪ್‌ನ ಸೆಟ್ಟಿಂಗ್ ಫೈಲ್ ಆದ ವೆಬ್ ಎಕ್ಸ್‌ಎಂಎಲ್‌ನಲ್ಲಿ ಟೈಮ್‌ಔಟ್ ಸೊನ್ನೆ ಹಾಕಬೇಡಿ. ಆ ಸೆಷನ್ ತಾನಾಗಿ ಮುಗಿಯುವುದೇ ಇಲ್ಲ. ಇನ್ನೊಂದು, ಆ ಫೈಲ್‌ನಲ್ಲಿ ಲೆಕ್ಕ ನಿಮಿಷದಲ್ಲಿ, ಕೋಡ್‌ನಲ್ಲಿ ಸೆಷನ್‌ನ ಸೆಟ್‌ಮ್ಯಾಕ್ಸ್‌ಇನ್‌ಆ್ಯಕ್ಟಿವ್‌ಇಂಟರ್ವಲ್ ಮೆಥಡ್‌ನಿಂದ ಬರೆದರೆ ಸೆಕೆಂಡಿನಲ್ಲಿ.

ಅರ್ಧ ಬರೆದ ಬಿಲ್ಲನ್ನೂ ಸೆಷನ್‌ನಲ್ಲಿ ಇಡಬೇಡಿ. ಒಂದೇ ಬ್ರೌಸರ್‌ನ ಎರಡು ಟ್ಯಾಬ್‌ಗೂ ಸೆಷನ್ ಒಂದೇ. ಗುಮಾಸ್ತರು ಎರಡರಲ್ಲಿ ಇಬ್ಬರು ರೈತರ ಬಿಲ್ ತೆರೆದರೆ, ಒಬ್ಬರ ಚೀಲದ ತೂಕ ಇನ್ನೊಬ್ಬರ ಪಟ್ಟಿಗೆ ಬೀಳುತ್ತದೆ. ಅರ್ಧ ಬಿಲ್ಲಿಗೂ ಒಂದು ನಂಬರ್ ಕೊಟ್ಟು ಡೇಟಾಬೇಸ್‌ನಲ್ಲೇ ಇಡಿ.