ಪದ ಪರಿಚಯ: ಕಪ್ಪುದ್ರವ್ಯ, ಗುರುತ್ವದ ಅಲೆಗಳಲ್ಲಿ ಅದರ ಹುಡುಕಾಟ

ಕಪ್ಪುದ್ರವ್ಯ, ಅಂದರೆ ಡಾರ್ಕ್ ಮ್ಯಾಟರ್. ಬೆಳಕು ಸೂಸುವುದಿಲ್ಲ, ಹೀರುವುದಿಲ್ಲ, ತೂಕ ಮಾತ್ರ ಇದೆ. ವಿಶ್ವದ ಒಟ್ಟು ದ್ರವ್ಯದಲ್ಲಿ ಸುಮಾರು ಶೇ. 85ರಷ್ಟು ಇದೇ. ಹಲಸು ಹಣ್ಣಾಗುವ ಕಾಲಕ್ಕೆ ನಮ್ಮ ಸಿದ್ದಾಪುರದ ಕಡೆ ರಾತ್ರಿ ಕಾಫಿ ತೋಟಕ್ಕೆ ಆನೆ ಇಳಿದರೆ ಕಣ್ಣಿಗೆ ಕಾಣುವುದಿಲ್ಲ. ಬೈನೆ ಮರ ಮುರಿಯುವ ಸದ್ದು ಕೇಳಿಯೇ ಲೈನ್ ಮನೆಗಳ ತೋಟದ ಕಾರ್ಮಿಕರು ಅದು ಎಲ್ಲಿದೆ ಎಂದು ಹೇಳಿಬಿಡುತ್ತಾರೆ. ಕಪ್ಪುದ್ರವ್ಯದ ಗುರುತು ಸಿಕ್ಕಿದ್ದೂ ಹೀಗೆಯೇ. ಗೆಲಾಕ್ಸಿಗಳ ಅಂಚಿನ ನಕ್ಷತ್ರಗಳು ಲೆಕ್ಕಕ್ಕಿಂತ ಜೋರಾಗಿ ಸುತ್ತುತ್ತಿವೆ ಎಂದು 1970ರ ದಶಕದಲ್ಲಿ ಅಮೆರಿಕದ ಖಗೋಳವಿಜ್ಞಾನಿ ವೆರಾ ರೂಬಿನ್ ಅಳೆದು ತೋರಿಸಿದರು. ಕಾಣುವ ದ್ರವ್ಯದ ಸೆಳೆತ ಆ ವೇಗಕ್ಕೆ ಸಾಲದು.

ತೂಕವಿದ್ದಲ್ಲಿ ಗುರುತ್ವವಿದೆ, ಹಾಗಾಗಿ ಗುರುತ್ವದ ಅಲೆಗಳಲ್ಲೇ ಅದನ್ನು ಹುಡುಕಬಹುದು. ಭಾರೀ ಕಾಯಗಳು ಒಂದನ್ನೊಂದು ಜೋರಾಗಿ ಸುತ್ತಿದಾಗ ದೇಶ-ಕಾಲದಲ್ಲೇ ಏಳುವ ನಡುಕವೇ ಗುರುತ್ವದ ಅಲೆ. ಈ ಅಲೆಗಳನ್ನು ಅಮೆರಿಕದ ಲೈಗೊ ಎಂಬ ಪತ್ತೆಯಂತ್ರ ಮೊದಲು ಹಿಡಿದದ್ದು 2015ರ ಸೆಪ್ಟೆಂಬರ್ 14ರಂದು. ಎರಡು ಕಪ್ಪುಕುಳಿಗಳು (ಬೆಳಕೂ ತಪ್ಪಿಸಿಕೊಳ್ಳಲಾರದಷ್ಟು ಸೆಳೆತವಿರುವ ಕಾಯಗಳು) ಡಿಕ್ಕಿಯಾಗಿ ಒಂದಾದಾಗ ಎದ್ದ ಅಲೆ ಅದು. ಲೈಗೊದ 4 ಕಿ.ಮೀ. ಉದ್ದದ ತೋಳು, ಅಂದರೆ ಲೇಸರ್ ಓಡುವ ಕೊಳವೆ, ಅದರಿಂದ ಹಿಗ್ಗಿ ಕುಗ್ಗಿದ್ದು ಒಂದು ಪ್ರೋಟಾನಿನ ಅಗಲಕ್ಕಿಂತ ನೂರಾರು ಪಟ್ಟು ಕಡಿಮೆ!

ಹುಡುಕುವ ದಾರಿಗಳಲ್ಲಿ ನನಗೆ ಹೆಚ್ಚು ಭರವಸೆ ಇರುವುದು ಹಗುರ ಕಪ್ಪುಕುಳಿಗಳ ಮೇಲೆ. ಸತ್ತ ನಕ್ಷತ್ರದಿಂದ ಹುಟ್ಟುವ ಕಪ್ಪುಕುಳಿ ಸೂರ್ಯನಿಗಿಂತ ಹಗುರವಾಗಿರಲಾರದು. ಸೂರ್ಯನಿಗಿಂತ ಹಗುರವಾದದ್ದೊಂದು ಸಿಕ್ಕಿತೆಂದರೆ, ಅದು ನಕ್ಷತ್ರಗಳಿಗೂ ಮೊದಲು, ವಿಶ್ವ ಹುಟ್ಟಿದ ಮೊದಲ ಕ್ಷಣಗಳಲ್ಲೇ ಆದದ್ದಿರಬೇಕು. ಕಪ್ಪುದ್ರವ್ಯದ ಒಂದು ಪಾಲಾದರೂ ಇಂಥ ಆದಿಮ ಕಪ್ಪುಕುಳಿಗಳೇ ಆಗಿರಬಹುದು. ತೂಕ ತಿಳಿಯುವುದು ಅಲೆಯಿಂದಲೇ. ಭಾರದ ಜೋಡಿಯ ಅಲೆ ಬೇಗ ಮುಗಿಯುತ್ತದೆ: 2015ರದ್ದು ಕೇಳಿಸಿದ್ದು ಸೆಕೆಂಡಿನ ಐದನೇ ಒಂದು ಪಾಲು. 2017ರ ಆಗಸ್ಟ್ 17ರಂದು ಎರಡು ಹಗುರ ನ್ಯೂಟ್ರಾನ್ ನಕ್ಷತ್ರಗಳು (ಸತ್ತ ನಕ್ಷತ್ರಗಳ ದಟ್ಟ ಉಳಿಕೆಗಳು) ಸೇರಿದಾಗ ಬಂದ ಅಲೆ ಸುಮಾರು 100 ಸೆಕೆಂಡ್ ನಡೆಯಿತು. ಸೂರ್ಯನಿಗಿಂತ ಹಗುರವಾದ ಜೋಡಿಯದ್ದು ಇನ್ನೂ ದೀರ್ಘ. ಅಷ್ಟು ಹೊತ್ತು ಸದ್ದುಗದ್ದಲದ ನಡುವೆ ಎಳೆ ತಪ್ಪದಂತೆ ಹಿಡಿಯುವುದೇ ಕಷ್ಟದ ಕೆಲಸ.

ಇನ್ನೊಂದು ದಾರಿ ಬೋಸಾನ್ ಮೋಡ. ಕಪ್ಪುದ್ರವ್ಯ ಬೋಸಾನ್ ಎಂಬ ಜಾತಿಯ ಅತಿ ಹಗುರವಾದ ಕಣಗಳದ್ದಾದರೆ, ತಿರುಗುವ ಕಪ್ಪುಕುಳಿಯ ಸುತ್ತ ಅವು ಮೋಡದಂತೆ ಕಟ್ಟಿಕೊಂಡು, ಅದರ ತಿರುಗಾಟವನ್ನೇ ಕದ್ದು, ಒಂದೇ ಸ್ವರದ ಅಲೆಯನ್ನು ಬಹುಕಾಲ ಹೊರಡಿಸಬೇಕು.

ಎರಡಕ್ಕೂ ಖಚಿತ ಸಾಕ್ಷ್ಯ ಇನ್ನೂ ಸಿಕ್ಕಿಲ್ಲ. ಸಿಗದಿರುವುದೂ ವ್ಯರ್ಥವಲ್ಲ, ಇಂಥ ತೂಕದ ಕಪ್ಪುಕುಳಿಗಳು ಇಷ್ಟಕ್ಕಿಂತ ಹೆಚ್ಚು ಇರಲಾರವು ಎಂಬ ಮಿತಿ ಅದರಿಂದಲೇ ಬಿಗಿಯಾಗುತ್ತಿದೆ. ಮಹಾರಾಷ್ಟ್ರದ ಹಿಂಗೋಲಿ ಜಿಲ್ಲೆಯಲ್ಲಿ ಅಂಥದ್ದೇ ಪತ್ತೆಯಂತ್ರ ಲೈಗೊ-ಇಂಡಿಯಾ ಕಟ್ಟಲು ಕೇಂದ್ರ ಸಂಪುಟ 2023ರಲ್ಲಿ ಒಪ್ಪಿಗೆ ಕೊಟ್ಟಿದೆ. ಮಡಿಕೇರಿ, ವಿರಾಜಪೇಟೆಯಲ್ಲಿ ಈಗ ಭೌತವಿಜ್ಞಾನ ಓದುತ್ತಿರುವ ಮಕ್ಕಳಲ್ಲಿ ಕೆಲವರಾದರೂ ಅಲ್ಲಿ ಕೆಲಸಕ್ಕೆ ಸೇರಲಿ ಎಂಬ ಆಸೆ ನನಗಿದೆ.