ಬೇಟೆ ಬಿಲ್ಲಿಗೆ ಎಂಥ ರೆಸ್ಟ್ ಬೇಕು?

ಕಾಂಪೌಂಡ್ ಬಿಲ್ಲಿನಲ್ಲಿ (ತುದಿಯ ಗಾಲಿಗಳ ಮೇಲೆ ಹೆದೆ, ಕೇಬಲ್ ಓಡುವ ಬಿಲ್ಲು) ಬಾಣ ಬಿಟ್ಟ ಮೇಲೆ ಅದು ಹೆದೆಯಿಂದ ಕಳಚಿಕೊಳ್ಳಲು ಸೆಕೆಂಡಿನ ನೂರರಲ್ಲೊಂದು ಭಾಗಕ್ಕಿಂತ ತುಸು ಹೆಚ್ಚು ಹೊತ್ತು ಸಾಕು. ಬಾಣವನ್ನು ಹೊತ್ತು ದಾರಿ ತೋರಿಸುವ ರೆಸ್ಟಿನ ಕೆಲಸ ಅಷ್ಟರಲ್ಲೇ ಮುಗಿಯುತ್ತದೆ. ಅದಕ್ಕೂ ಮೊದಲು ಟ್ರೀ ಸ್ಟ್ಯಾಂಡಿನ (ಮರಕ್ಕೆ ಕಟ್ಟಿದ ಅಟ್ಟಣೆ) ಮೇಲೆ ಮೂರು ನಾಲ್ಕು ಗಂಟೆ ಇದೇ ರೆಸ್ಟ್ ಬಾಣವನ್ನು ಬೀಳಿಸದೆ, ಸದ್ದು ಮಾಡದೆ ಹಿಡಿದುಕೊಂಡಿರಬೇಕು. ಬಿಲ್ಲಿನ ಅಂಗಡಿಗೆ ಬರುವವರು ಹೆಚ್ಚಾಗಿ ಮೊದಲನೆಯ ಕೆಲಸದ ಬಗ್ಗೆಯೇ ಕೇಳುತ್ತಾರೆ. ಬೇಟೆ ಕೈತಪ್ಪುವುದು ಬಹಳ ಸಲ ಎರಡನೆಯದರಿಂದ.

ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಬೇಟೆ ನಿಷಿದ್ಧ. ಹಾಗಾಗಿ ಇಲ್ಲಿರುವುದು ಅಮೆರಿಕದಲ್ಲಿ ಪರವಾನಗಿ ಪಡೆದು ಬಿಳಿಬಾಲದ ಜಿಂಕೆಯ ಬೇಟೆಗೆ ಹೋಗುವವರ ಬಿಲ್ಲಿನ ವಿಷಯ. ಊರಿನಲ್ಲಿ ಗುರಿ ಸ್ಪರ್ಧೆಗೆ ಕಾಂಪೌಂಡ್ ಹಿಡಿಯುವವರಿಗೂ ಹೊಂದಾಣಿಕೆಯ ಭಾಗ ಉಪಯೋಗಕ್ಕೆ ಬರುತ್ತದೆ.

ಬೆರಳಿನಿಂದ ಬಿಟ್ಟಾಗ ಹೆದೆ ಬೆರಳ ತುದಿಯನ್ನು ಸುತ್ತಿಕೊಂಡು ಪಕ್ಕಕ್ಕೆ ಜಾರುವುದರಿಂದ ಬಾಣ ಎಡಬಲಕ್ಕೆ ಬಾಗುತ್ತದೆ. ಗಾಲಿಗಳಿಲ್ಲದ ರಿಕರ್ವ್ ಬಿಲ್ಲಿನಲ್ಲಿ ಬಾಣದ ಪಕ್ಕಕ್ಕೆ ಆಸರೆ ಕೊಡುವುದು ಇದೇ ಕಾರಣಕ್ಕೆ. ಹೆದೆಗೆ ಕಟ್ಟಿದ ಚಿಕ್ಕ ಕುಣಿಕೆಗೆ (ಡಿ-ಲೂಪ್) ರಿಲೀಸ್ ಎನ್ನುವ ಕೊಕ್ಕೆಯ ಸಾಧನ ಸಿಕ್ಕಿಸಿ ಬಿಟ್ಟರೆ ಬಾಗುವುದು ಹೆಚ್ಚಾಗಿ ಮೇಲೆ ಕೆಳಗೆ. ಆದ್ದರಿಂದ ಕಾಂಪೌಂಡಿನ ರೆಸ್ಟ್ ಬಾಣವನ್ನು ಕೆಳಗಿನಿಂದ ಹೊರುತ್ತದೆ. ಸ್ಪರ್ಧೆಯವರ ತೆಳು ಉಕ್ಕಿನ ಬ್ಲೇಡ್ ರೆಸ್ಟ್ ಈ ಕೆಲಸವನ್ನು ಸೊಗಸಾಗಿ ಮಾಡುತ್ತದೆ, ಆದರೆ ಬಿಲ್ಲು ಸ್ವಲ್ಪ ವಾಲಿದರೂ ಬಾಣ ಉರುಳುತ್ತದೆ. ಬೇಟೆಗೆ ಅದನ್ನು ಮರೆತುಬಿಡಿ. ಉಳಿಯುವುದು ಎರಡೇ ಜಾತಿ: ಬ್ರಷ್ ರೆಸ್ಟ್ ಮತ್ತು ಬೀಳುವ ರೆಸ್ಟ್.

ಬ್ರಷ್ ರೆಸ್ಟ್ ಎಂದರೆ ವಿಸ್ಕರ್ ಬಿಸ್ಕಿಟ್ ಮಾದರಿ. ದುಂಡನೆಯ ಬ್ರಷ್, ನಡುವೆ ತೂತು, ಬಾಣದ ಸುತ್ತಲೂ ಎಳೆಗಳು. ಇದರಲ್ಲಿ ಚಲಿಸುವ ಭಾಗವಾಗಲೀ ಕಟ್ಟುವ ದಾರವಾಗಲೀ ಇಲ್ಲ. ಬಿಲ್ಲನ್ನು ತಲೆಕೆಳಗು ಮಾಡಿದರೂ ಬಾಣ ಕದಲುವುದಿಲ್ಲ. ಗರಿಗಳು ಎಳೆಗಳ ನಡುವೆಯೇ ಹಾದುಹೋಗುವುದರಿಂದ ಗಟ್ಟಿಯಾದ, ಎರಡು ಇಂಚಿನ ಪ್ಲಾಸ್ಟಿಕ್ ಗರಿ (ವೇನ್) ಹಾಕಬೇಕು. ಟರ್ಕಿ ಹಕ್ಕಿಯ ಗರಿ ಹಾಕಿದರೆ ಬೇಗ ಹಾಳಾಗುತ್ತದೆ. ವೇಗ ಕಡಿಮೆಯಾಗುವುದು ಸೆಕೆಂಡಿಗೆ ಕೆಲವೇ ಅಡಿ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ತಲೆ ಕೆಡಿಸಿಕೊಳ್ಳಬೇಕಾದದ್ದು ತೂತಿನ ಅಳತೆಗೆ. ಈಗಿನ ಸಣ್ಣ ವ್ಯಾಸದ ಕಾರ್ಬನ್ ಬಾಣವನ್ನು ಹಳೆಯ ದಪ್ಪ ಬಾಣದ ತೂತಿಗೆ ಹಾಕಿದರೆ ಅದು ಒಳಗೆ ಅಲ್ಲಾಡುತ್ತದೆ. ತೂತು ಬಿಗಿಯಾದರೆ ಎಳೆಯುವಾಗ ಸರ್ರೆನ್ನುತ್ತದೆ, ಎಳೆಗಳೂ ಬೇಗ ಸವೆಯುತ್ತವೆ. ಸವೆತ ಮೊದಲು ಕಾಣುವುದು ಕೆಳಭಾಗದಲ್ಲಿ. ಅಲ್ಲಿ ತೂತು ಉದ್ದವಾಗುತ್ತಾ ಹೋದಂತೆ ಬಾಣದ ಮೂತಿ ತಗ್ಗುತ್ತದೆ, ಪೆಟ್ಟೂ ಕೆಳಗೆ ಬೀಳತೊಡಗುತ್ತದೆ. ಸೈಟ್ (ಗುರಿ ಹಿಡಿಯುವ ಸಾಧನ) ತಿರುಗಿಸುವ ಮೊದಲು ಬ್ರಷ್ ನೋಡಿ. ಬದಲಿ ಬ್ರಷ್ ಪ್ರತ್ಯೇಕವಾಗಿ ಸಿಗುತ್ತದೆ. ಎಳೆಗಳ ಮೇಲೆ ನೀರು ಹೆಪ್ಪುಗಟ್ಟುವಷ್ಟು ಚಳಿಯಿರುವ ಜಾಗಕ್ಕೆ ಮಾತ್ರ ಇದು ಹಿಡಿಸುವುದಿಲ್ಲ.

ಬೀಳುವ ರೆಸ್ಟಿನಲ್ಲಿ ಬಾಣ ಹೊರುವ ಕವೆಯಂಥ ಲಾಂಚರ್ ಬಾಣ ಬಿಟ್ಟಾಗ ಕೆಳಗೆ ಮಡಚಿಕೊಳ್ಳುತ್ತದೆ, ಗರಿಗಳಿಗೆ ಏನೂ ತಾಗುವುದಿಲ್ಲ. ಅದನ್ನು ಏಳಿಸಿ ಬೀಳಿಸುವುದು ಒಂದು ದಾರ. ಆ ದಾರ ಎಲ್ಲಿಗೆ ಕಟ್ಟಿದೆ ಎನ್ನುವುದೇ ಇಡೀ ಆಯ್ಕೆಯ ಸಾರ.

ಕೇಬಲ್ ಮಾದರಿಯಲ್ಲಿ ದಾರವನ್ನು ಹೆದೆ ಎಳೆದಾಗ ಕೆಳಗಿಳಿಯುವ ಕೇಬಲ್ಲಿಗೆ ಕಟ್ಟುತ್ತಾರೆ. ಕೇಬಲ್ ಇಳಿದಂತೆ ದಾರ ಲಾಂಚರನ್ನು ಎತ್ತುತ್ತದೆ, ಬಾಣ ಬಿಟ್ಟಾಗ ಸ್ಪ್ರಿಂಗ್ ಕೆಳಗೆ ತಳ್ಳುತ್ತದೆ. ಎಳೆತದ ಕೊನೆಯ ಒಂದೆರಡು ಇಂಚಿನಲ್ಲಿ ಲಾಂಚರ್ ಪೂರ್ತಿ ಮೇಲೆ ಬಂದರೆ ಟೈಮಿಂಗ್ ಸರಿ. ತೀರ ಬೇಗ ಎದ್ದರೆ ಬೀಳುವುದೂ ತಡ, ಗರಿ ತಾಗುತ್ತದೆ. ತಡವಾಗಿ ಎದ್ದರೆ ಪೂರ್ಣ ಎಳೆತದಲ್ಲೂ ಬಾಣ ತಗ್ಗಿನಲ್ಲೇ ಇರುತ್ತದೆ.

ಲಿಂಬ್ (ಬಿಲ್ಲಿನ ಬಾಗುವ ತೋಳು) ಮಾದರಿಯಲ್ಲಿ ಎಲ್ಲವೂ ತಿರುವುಮುರುವು. ಬಿಲ್ಲು ಸುಮ್ಮನಿದ್ದಾಗ ಲಿಂಬಿಗೆ ಕಟ್ಟಿದ ದಾರ ಬಿಗಿಯಾಗಿದ್ದು ಲಾಂಚರನ್ನು ಕೆಳಗೆ ಹಿಡಿದಿರುತ್ತದೆ. ಎಳೆದಾಗ ಲಿಂಬ್ ಒಳಗೆ ಬಾಗಿ ದಾರ ಸಡಿಲವಾಗುತ್ತದೆ, ಸ್ಪ್ರಿಂಗ್ ಲಾಂಚರನ್ನು ಮೇಲೆತ್ತುತ್ತದೆ. ಬಾಣ ಬಿಟ್ಟ ಮೇಲೆ ಲಿಂಬ್ ತನ್ನ ಜಾಗಕ್ಕೆ ಮರಳುವ ಹೊತ್ತಿಗೆ, ಅಂದರೆ ಬಾಣದ ಪಯಣದ ಕೊನೆಯ ಭಾಗದಲ್ಲಿ, ದಾರ ಮತ್ತೆ ಬಿಗಿಯಾಗಿ ಲಾಂಚರ್ ಬೀಳುತ್ತದೆ. ಬಾಣಕ್ಕೆ ಹೆಚ್ಚು ದೂರ ಆಸರೆ ಸಿಗುವುದರಿಂದ ಕೈ ಸ್ವಲ್ಪ ನಡುಗಿದರೂ ಇದು ಸೈರಿಸಿಕೊಳ್ಳುತ್ತದೆ.

ದಾರ ಕಡಿದರೆ ಏನಾಗುತ್ತದೆ ಎಂದು ಕೊಳ್ಳುವ ಮುಂಚೆಯೇ ಯೋಚಿಸಬೇಕು. ಕೇಬಲ್ ಮಾದರಿಯಲ್ಲಿ ಲಾಂಚರ್ ಏಳುವುದೇ ಇಲ್ಲ, ಆ ದಿನದ ಬೇಟೆ ಅಲ್ಲಿಗೆ ಮುಗಿಯಿತು. ಲಿಂಬ್ ಮಾದರಿಯಲ್ಲಿ ಲಾಂಚರ್ ಮೇಲೆಯೇ ನಿಂತುಬಿಡುತ್ತದೆ. ಗರಿ ತಾಗಬಹುದು, ಆದರೆ ಹತ್ತಿರದ ಗುರಿಗೆ ಬಾಣ ಬಿಡಬಹುದು. ಕಾಡಿಗೆ ಒಯ್ಯುವ ಬಿಲ್ಲಿಗೆ ಲಿಂಬ್ ಮಾದರಿ ಮೇಲು ಎನ್ನಲು ಈ ಒಂದೇ ಕಾರಣ ಸಾಕು. ಕ್ಯೂಎಡಿ ಕಂಪನಿಯ ಅಲ್ಟ್ರಾರೆಸ್ಟ್ ಕೇಬಲ್ ಮಾದರಿಯದೇ ಆದರೂ ಅದರ ಲಾಂಚರನ್ನು ಹೆಬ್ಬೆರಳಿನಿಂದ ಎತ್ತಿ ನಿಲ್ಲಿಸಬಹುದು. ಮೇಲೆ ಬಾಣವನ್ನು ತಡೆಯುವ ಕಂಬಿಯಿದೆ. ಎಳೆದ ಹೆದೆಯನ್ನು ನಿಧಾನವಾಗಿ ವಾಪಸ್ ಬಿಟ್ಟರೆ ಲಾಂಚರ್ ಬೀಳುವುದಿಲ್ಲ, ಬಾಣ ಹಾರಿದ ವೇಗಕ್ಕೆ ಮಾತ್ರ ಬೀಳುತ್ತದೆ. ಜಿಂಕೆ ತಲೆಯೆತ್ತಿ ನಿಂತಾಗ ಎಳೆದದ್ದನ್ನು ಇಳಿಸಿ ಮತ್ತೆ ಎಳೆಯಬೇಕಾಗಿ ಬಂದವರಿಗೆ ಇದರ ಬೆಲೆ ಗೊತ್ತು.

ಸದ್ದಿನ ಲೆಕ್ಕವೂ ಇದೆ. ಶಬ್ದ ಸೆಕೆಂಡಿಗೆ ಸುಮಾರು 1,100 ಅಡಿ ಓಡುತ್ತದೆ, ಬಾಣ 280 ಅಡಿ. 30 ಗಜದ ಜಿಂಕೆಗೆ ಸದ್ದು 0.08 ಸೆಕೆಂಡಿನಲ್ಲಿ ಮುಟ್ಟಿದರೆ ಬಾಣ ಮುಟ್ಟಲು 0.32 ಸೆಕೆಂಡ್ ಬೇಕು. ಆ ಕಾಲು ಸೆಕೆಂಡಿನಲ್ಲಿ ಜಿಂಕೆ ನೆಗೆಯಲೆಂದು ಮೈ ತಗ್ಗಿಸುತ್ತದೆ, ಬಾಣ ಮೇಲೆ ಹಾದುಹೋಗುತ್ತದೆ ಅಥವಾ ತಾಗಬಾರದ ಕಡೆ ತಾಗಿ ಪ್ರಾಣಿ ನರಳುತ್ತದೆ. ಲೋಹದ ಲಾಂಚರ್ ರೈಸರಿಗೆ (ಬಿಲ್ಲಿನ ಹಿಡಿಯಿರುವ ನಡುಭಾಗ) ಬಡಿದು ಟಕ್ಕೆನ್ನುವುದನ್ನು ಸಹಿಸಬಾರದು. ಲಾಂಚರ್ ಮೇಲೂ ಅದರ ಕೆಳಗಿನ ರೈಸರ್ ತಟ್ಟಿನ ಮೇಲೂ ಸ್ಪಿರಿಟ್ಟಿನಿಂದ ಒರೆಸಿ ತೆಳು ಫೆಲ್ಟ್ ಅಂಟಿಸಿ. ಎಣ್ಣೆ ಜಿಡ್ಡಿನ ಮೇಲೆ ಅಂಟಿಸಿದ ಫೆಲ್ಟ್ ಮೊದಲ ಚಳಿಗೇ ಎದ್ದುಬರುತ್ತದೆ.

ಕೊಳ್ಳುವಾಗ ನಿಮ್ಮ ರೈಸರ್ ನೋಡಿಕೊಳ್ಳಿ. ಹೆಚ್ಚಿನ ರೆಸ್ಟುಗಳು ಬರ್ಗರ್ ಹೋಲ್ ಎನ್ನುವ 5/16 ಇಂಚಿನ, ಒಳಗೆ ತಿರುಪಿನ ಸುತ್ತುಗಳಿರುವ ತೂತಿಗೆ ಬೋಲ್ಟ್ ಆಗುತ್ತವೆ. ಕೆಲವು ಹೊಸ ಬಿಲ್ಲುಗಳ ರೈಸರಿನ ಹಿಂಬದಿಯಲ್ಲಿ ಡವ್‌ಟೇಲ್ ಎನ್ನುವ ಓರೆ ಅಂಚಿನ ಹಳಿಯಿರುತ್ತದೆ. ಅದಕ್ಕೆ ಕೂರುವ ರೆಸ್ಟ್ ಪೆಟ್ಟು ಬಿದ್ದರೂ ತಿರುಗಿಕೊಳ್ಳುವುದಿಲ್ಲ, ಆದರೆ ಹಳೆಯ ಬಿಲ್ಲಿಗೆ ಬರುವುದಿಲ್ಲ.

ಕೂರಿಸುವಾಗ ಬಾಣದ ಮಧ್ಯರೇಖೆ ಬರ್ಗರ್ ಹೋಲಿನ ಮಧ್ಯಕ್ಕೆ ಬರಲಿ, ಬಾಣ ಹೆದೆಗೆ ಲಂಬವಾಗಿರಲಿ. ರೈಸರಿನಿಂದ ಬಾಣದ ನಡುವಿಗೆ 13/16 ಇಂಚು ಸಾಮಾನ್ಯವಾದ ಆರಂಭದ ಅಳತೆ. ಬಿಲ್ಲಿನ ಕಂಪನಿ ಬೇರೆ ಅಳತೆ ಕೊಟ್ಟಿದ್ದರೆ ಅದನ್ನೇ ಹಿಡಿಯಿರಿ. ಕೇಬಲ್ ಮಾದರಿಯಾದರೆ, ಕೇಬಲ್ಲಿನ ಎಳೆಗಳ ನಡುವೆ ದಾರ ತೂರಿಸಲು ಬೌ ಪ್ರೆಸ್ (ಬಿಲ್ಲನ್ನು ಒತ್ತಿ ಕೇಬಲ್ ಸಡಿಲಿಸುವ ಯಂತ್ರ) ಬೇಕೇಬೇಕು. ಗಂಟಿನ ಮೇಲೆ ಕೆಳಗೆ ನೂಲು ಸುತ್ತಿ, ಪಕ್ಕದಲ್ಲಿ ಬಿಳಿ ಮಾರ್ಕರಿನಿಂದ ಗೆರೆ ಎಳೆಯಿರಿ. ಹೊಸ ಕೇಬಲ್ ಮೊದಲ ನೂರಿನ್ನೂರು ಬಾಣಗಳಲ್ಲಿ ಹಿಗ್ಗುತ್ತದೆ, ಆಮೇಲೆ ಟೈಮಿಂಗ್ ಮತ್ತೊಮ್ಮೆ ನೋಡಲೇಬೇಕು.

ನಂತರ ಗರಿಗಳಿಗೆ ಫುಟ್ ಪೌಡರ್ ಸ್ಪ್ರೇ ಮಾಡಿ ಒಂದು ಬಾಣ ಬಿಡಿ. ಲಾಂಚರ್ ಮೇಲೆ ಪುಡಿ ಅಂಟಿದ್ದರೆ, ಗರಿಯ ಮೇಲೆ ಗೀರಿದ್ದರೆ, ತಾಗುತ್ತಿದೆ ಎಂದರ್ಥ. ಮೊದಲು ನಾಕ್ (ಹೆದೆಗೆ ಸಿಕ್ಕಿಸುವ ಬಾಣದ ಹಿಂತುದಿ) ತಿರುಗಿಸಿ ಗರಿಯನ್ನು ಕವೆಯ ನಡುವೆ ತನ್ನಿ. ಆಗದಿದ್ದರೆ ದಾರ ಸರಿಪಡಿಸಿ. ಬಿದ್ದ ಲಾಂಚರ್ ಪುಟಿದೆದ್ದು ತಾಗುವುದೂ ಉಂಟು, ಅದಕ್ಕೆ ಕೆಳಗಿನ ಫೆಲ್ಟ್ ದಪ್ಪ ಮಾಡಿದರೆ ಸಾಕಾಗಬಹುದು. ಇದು ಮುಗಿಯದೆ, ಹರಿದ ಗುರುತು ನೋಡಿ ರೆಸ್ಟ್ ಸರಿಪಡಿಸಲೆಂದು ಕಾಗದಕ್ಕೆ ಬಾಣ ಬಿಟ್ಟು ನೋಡಬೇಡಿ. ತಾಗುವ ಬಾಣ ಹರಿದ ಕಾಗದ ತಪ್ಪು ದಾರಿ ತೋರಿಸುತ್ತದೆ, ರೆಸ್ಟ್ ಎತ್ತ ಸರಿಸಿದರೂ ಹರಕು ಸರಿಯಾಗುವುದಿಲ್ಲ.

ಕೊನೆಯ ಪರೀಕ್ಷೆ ಬ್ರಾಡ್‌ಹೆಡ್ಡಿನದು, ಅಂದರೆ ಬೇಟೆಗೆ ಹಾಕುವ ಅಲಗುಗಳ ಮೊನೆಯದು. ಒಂದೇ ತೂಕದ ಫೀಲ್ಡ್ ಪಾಯಿಂಟ್ (ಅಭ್ಯಾಸದ ಸಾದಾ ಮೊನೆ) ಮತ್ತು ಬ್ರಾಡ್‌ಹೆಡ್ ಹಾಕಿ 20 ಗಜದಿಂದ ಮೂರು ಮೂರು ಬಾಣ ಬಿಡಿ. ಬ್ರಾಡ್‌ಹೆಡ್ ಬಲಕ್ಕೆ ಬಿದ್ದರೆ ರೆಸ್ಟನ್ನು ಎಡಕ್ಕೆ, ಕೆಳಗೆ ಬಿದ್ದರೆ ಮೇಲಕ್ಕೆ ಸರಿಸಿ, ಪ್ರತಿ ಸಲ 1/32 ಇಂಚು ಮೀರದಂತೆ. ಎರಡೂ ಗುಂಪು ಒಂದಾಗುವ ತನಕ ಸೈಟ್ ಮುಟ್ಟಬೇಡಿ. ಒಂದಾದ ಮೇಲೆ 30 ಗಜಕ್ಕೆ ಹೋಗಿ ಇದನ್ನೇ ಮತ್ತೆ ಮಾಡಿ. ಆಮೇಲೆ ಸ್ಕ್ರೂ ಬಿಗಿಮಾಡಿ ರೆಸ್ಟ್ ಮತ್ತು ರೈಸರ್ ಸೇರುವಲ್ಲೂ ಒಂದು ಬಿಳಿ ಗೆರೆ ಎಳೆಯಿರಿ. ನಸುಕಿನಲ್ಲಿ ಟ್ರೀ ಸ್ಟ್ಯಾಂಡ್ ಹತ್ತಿ ಹಗ್ಗದಿಂದ ಬಿಲ್ಲು ಮೇಲೆಳೆದುಕೊಂಡ ಕೂಡಲೇ ಟಾರ್ಚ್ ಹಿಡಿದು ನೋಡಬೇಕಾದದ್ದು ಆ ಎರಡು ಗೆರೆಗಳನ್ನು.