ಇಬ್ಬರು ಒಟ್ಟಿಗೆ ಬರೆದರೆ ಒಬ್ಬರದ್ದು ಯಾಕೆ ಅಳಿಸಿಹೋಗುತ್ತೆ?

ಪ್ರಶ್ನೆ: ಸಾಗರದಲ್ಲಿ ನಮ್ಮ ಅಡಕೆ ಬೆಳೆಗಾರರ ಸಂಘಕ್ಕೆ ವೆಬ್ ಆಪ್ ಮಾಡಿದ್ದೇನೆ. ಸಭೆಯ ನಡಾವಳಿಯನ್ನು ಇಬ್ಬರು ಒಟ್ಟಿಗೆ ತಿದ್ದಿದರೆ ಕೊನೆಗೆ ಸೇವ್ ಮಾಡಿದವರದ್ದು ಮಾತ್ರ ಉಳಿಯುತ್ತೆ. ಗೂಗಲ್ ಡಾಕ್ಸ್ ತರ ಆಗಬೇಕು. ವೆಬ್‌ಸಾಕೆಟ್ (ಬ್ರೌಸರ್ ಮತ್ತು ಸರ್ವರ್ ನಡುವೆ ಸದಾ ತೆರೆದಿರುವ ಸಂಪರ್ಕ) ಹಾಕಿದರೆ ಸಾಕಾ?

ಸಾಲದು. ವೆಬ್‌ಸಾಕೆಟ್ ಸುದ್ದಿ ಮುಟ್ಟಿಸುತ್ತೆ, ಅಷ್ಟೇ. ತೊಂದರೆ ಇರೋದು ಜಾಗದ ಲೆಕ್ಕದಲ್ಲಿ.

ಇಬ್ಬರ ಸ್ಕ್ರೀನಿನಲ್ಲೂ "ಮಳೆ ಬಂತು" ಅಂತಿದೆ ಅಂದುಕೊಳ್ಳಿ. ನೀವು ಶುರುವಿಗೆ "ಜೋರು" ಅಂತ ಬರೆದು ಸ್ಪೇಸ್ ಒತ್ತಿದಿರಿ. ಅದೇ ಹೊತ್ತಿಗೆ ಹೊಸನಗರದಲ್ಲಿ ಕೂತ ಕಾರ್ಯದರ್ಶಿ "ಬಂತು" ಪದಕ್ಕೆ ಮೊದಲು "ಇವತ್ತು" ಸೇರಿಸಿದರು, ಅವರ ಫೋನ್ "ಶುರುವಿನಿಂದ 4 ಅಕ್ಷರ ಬಿಟ್ಟು ಸೇರಿಸು" ಅಂತ ಕಳಿಸಿತು. ನಿಮ್ಮಲ್ಲಿ ಈಗ 4 ಬಿಟ್ಟರೆ ಸಿಗೋದು "ಜೋರು" ಪದದ ಕೊನೆ (ಕಣ್ಣಿಗೆ ಎರಡೇ ಅಕ್ಷರ, ಆದರೆ ಕಂಪ್ಯೂಟರ್ ಸ್ವರಚಿಹ್ನೆ, ಸ್ಪೇಸ್ ಎಲ್ಲವನ್ನೂ ಬೇರೆಯಾಗಿ ಎಣಿಸುತ್ತೆ). ಹಾಗಾಗಿ ನಿಮಗೆ "ಜೋರುಇವತ್ತು ಮಳೆ ಬಂತು", ಅವರಿಗೆ "ಜೋರು ಮಳೆ ಇವತ್ತು ಬಂತು".

1989ರಲ್ಲಿ ಎಲ್ಲಿಸ್ ಮತ್ತು ಗಿಬ್ಸ್ ಅನ್ನೋ ಕಂಪ್ಯೂಟರ್ ಸಂಶೋಧಕರು ತೋರಿಸಿದ ದಾರಿ, ಬಂದ ನಂಬರನ್ನೇ ತಿದ್ದೋದು: 4ಕ್ಕೆ ನೀವು ಮುಂದೆ ಸೇರಿಸಿದ 5 ("ಜೋರು" 4, ಸ್ಪೇಸ್ 1) ಕೂಡಿಸಿ 9. ಇದು ಆಪರೇಷನಲ್ ಟ್ರಾನ್ಸ್‌ಫಾರ್ಮೇಶನ್, ಗೂಗಲ್ ಡಾಕ್ಸ್ ಇದನ್ನೇ ನಂಬಿದೆ. ಇನ್ನೊಂದು ದಾರಿ ಸಿಆರ್‌ಡಿಟಿ, ಅಂದ್ರೆ ಬೇರೆ ಬೇರೆ ಕಡೆಯ ಪ್ರತಿಗಳು ತಾನಾಗಿ ಒಂದಾಗುವಂತೆ ಡೇಟಾ ಇಡುವ ರೀತಿ. ತೋಟದಲ್ಲಿ "ಸಾಲಿನ ನಾಲ್ಕನೇ ಮರ" ಅನ್ನೋ ಬದಲು ಮರಕ್ಕೇ ನಂಬರ್ ಬರೆದ ಹಾಗೆ, ಪ್ರತಿ ಅಕ್ಷರಕ್ಕೂ ಅದರದ್ದೇ ಗುರುತು. ನಡುವೆ ಎಷ್ಟು ಸಸಿ ಇಟ್ಟರೂ ಮರ ತಪ್ಪಲ್ಲ.

ನಮ್ಮ ಕಡೆಗೆ ಎರಡನೆಯದೇ ಸರಿ ಅನ್ನೋದು ನನ್ನ ಖಚಿತ ಅಭಿಪ್ರಾಯ, ಯಾಕಂದ್ರೆ ಮಳೆಗಾಲದಲ್ಲಿ ಕರೆಂಟ್ ಹೋಗಿ ಟವರೂ ಹೋದಾಗ ಫೋನಿನಲ್ಲಿ ಬರೆದಿಟ್ಟದ್ದು ಸಂಜೆ ನೆಟ್‌ವರ್ಕ್ ಬಂದ ಮೇಲೆ ತಾನಾಗಿ ಸೇರಿಕೊಳ್ಳಬೇಕು, ಅಲ್ವಾ? ನೀವೇ ಬರೆಯೋಕೆ ಹೋಗಬೇಡಿ. ವೈಜೆಎಸ್ (Yjs) ಅನ್ನೋ ಸಿಆರ್‌ಡಿಟಿ ಲೈಬ್ರರಿ ತಗೊಳ್ಳಿ, ಅದು ಉಚಿತ, ಕ್ವಿಲ್, ಪ್ರೋಸ್‌ಮಿರರ್ ಎಡಿಟರ್‌ಗಳ ಜೊತೆ ಹೊಂದಿಕೊಳ್ಳುತ್ತೆ.

ಒಂದು ತಪ್ಪು ನಾನೇ ಮಾಡಿದ್ದೆ. ಡೇಟಾಬೇಸಿನ ಹಳೇ ಬರಹವನ್ನು ಪ್ರತಿ ಬ್ರೌಸರ್ ತೆರೆದಾಗಲೂ ಹೊಸದಾಗಿ ತುಂಬಿಸಿದೆ. ಪ್ರತಿ ಸಲವೂ ಅಕ್ಷರಗಳಿಗೆ ಹೊಸ ಗುರುತು ಬಿತ್ತು. ಮೂವರು ತೆರೆದರು, ನಡಾವಳಿ ಮೂರು ಸಲ ಬಂತು! ಹಳೆಯದನ್ನು ಸರ್ವರ್‌ನಲ್ಲಿ ಒಂದೇ ಸಲ ತುಂಬಿ. ಆಮೇಲೆ ಬರೀ ಬರಹ ಅಲ್ಲ, ವೈಜೆಎಸ್ ಕೊಡುವ ಅಪ್‌ಡೇಟ್‌ಗಳನ್ನೇ (ಗುರುತುಗಳ ಸಮೇತ ಬದಲಾವಣೆಗಳನ್ನು) ಉಳಿಸಿ.

ಕೊನೆಗೆ ಎರಡು ಫೋನ್ ಏರೋಪ್ಲೇನ್ ಮೋಡ್‌ಗೆ ಹಾಕಿ, ಎರಡರಲ್ಲೂ "ಅಡಕೆ"ಯನ್ನು "ಅಡಿಕೆ" ಅಂತ ತಿದ್ದಿ ನೋಡಿ. ನೆಟ್ ಬಂದ ಮೇಲೆ ಎರಡು ಗುಡಿಸು ಸೇರಿ "ಅಡಿಿಕೆ" ಆಗುತ್ತೆ. ಯಾರದ್ದೂ ಕಳೆಯಲಿಲ್ಲ, ಪದ ಮಾತ್ರ ಕೆಟ್ಟಿತು. ಇದನ್ನು ವೈಜೆಎಸ್ ತಾನಾಗಿ ತಿದ್ದಲ್ಲ. ಅದಕ್ಕೇ ಯಾರ ಕರ್ಸರ್ ಎಲ್ಲಿದೆ ಅಂತ ಹೆಸರು, ಬಣ್ಣದ ಜೊತೆ ತೋರಿಸಿ. ಆನ್‌ಲೈನ್ ಇದ್ದಾಗಲಾದರೂ ಕಾರ್ಯದರ್ಶಿ ಅದೇ ಸಾಲಿನಲ್ಲಿ ಇದ್ದಾರೆ ಅಂತ ಗೊತ್ತಾದರೆ ನೀವು ಸ್ವಲ್ಪ ಕಾಯುತ್ತೀರಿ.